ಹಳೆ ಲ್ಯಾಪ್‌ಟಾಪ್ ತೂಕಕ್ಕೆ ಹಾಕುವ ಮುಂಚೆ ಅದರ ತಳ ಬಿಚ್ಚಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಓದುಗರ ಪತ್ರಗಳ ಪುಟದಲ್ಲಿ ಒಬ್ಬರು ಬರೆದಿದ್ದರು. ಮನೆ, ಶಾಲೆ, ಆಫೀಸುಗಳಲ್ಲಿ ಬಿದ್ದಿರುವ ಹತ್ತು ವರ್ಷಕ್ಕಿಂತ ಹಳೆಯ ಕಂಪ್ಯೂಟರ್, ಲ್ಯಾಪ್‌ಟಾಪ್ ಎಲ್ಲವನ್ನೂ ಒಂದೇ ಸಲ ತೂಕಕ್ಕೆ ಹಾಕಿಬಿಡಬೇಕು, ಸುಮ್ನೆ ಜಾಗ ತಿನ್ನುತ್ತವೆ, ಇನ್ನು ಯಾವ ಕೆಲಸಕ್ಕೂ ಬರುವುದಿಲ್ಲ ಅಂತ. ಜಾಗ ತಿನ್ನುತ್ತವೆ ಅನ್ನುವುದು ನಿಜ. ಕೆಲಸಕ್ಕೆ ಬರುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ರಾಯಚೂರಿನವನು. ಇಪ್ಪತ್ತೈದು ವರ್ಷದಿಂದ ಇಲ್ಲೇ ಸಣ್ಣದೊಂದು ಡಿ.ಟಿ.ಪಿ. ಅಂಗಡಿ ನಡೆಸುತ್ತಿದ್ದೇನೆ. ಮದುವೆ ಕಾರ್ಡು, ಉರುಸಿನ ಹ್ಯಾಂಡ್‌ಬಿಲ್ಲು, ಬ್ಯಾಂಕಿನ ಅರ್ಜಿ, ಕಾಲೇಜು ಹುಡುಗರ ಪ್ರಾಜೆಕ್ಟು, ಬಂದದ್ದನ್ನು ಟೈಪ್ ಮಾಡಿ ಕೊಡುತ್ತೇನೆ. ಕಂಪ್ಯೂಟರ್ ಬಗ್ಗೆ ನಾನು ಕಾಲೇಜಿನಲ್ಲಿ ಓದಿಲ್ಲ, ಕೈಯಲ್ಲಿ ಹಿಡಿದು, ಬಿಚ್ಚಿ, ಕೂಡಿಸಿ ಕಲಿತಿದ್ದೇನೆ.

ನಮ್ಮಪ್ಪ ಶಾಲೆ ಮಾಸ್ತರರು. ಲಿಂಗಸುಗೂರು, ಮುದಗಲ್, ಮಸ್ಕಿ ಸುತ್ತಿನ ಹಳ್ಳಿಗಳಲ್ಲೇ ಅವರ ಸರ್ವಿಸ್ ಮುಗಿಯಿತು. ಆ ಕಡೆ ಮೊಹರಂ ಬಂತೆಂದರೆ ರಿವಾಯತ್ ಪದ ಹಾಡುತ್ತಾರೆ. ಪದ ಅಂದರೆ ನಮ್ಮ ಕಡೆ ಹಾಡು. ಕರ್ಬಲಾದ ಕಥೆ, ಹಸನ್ ಹುಸೇನರ ಕಥೆ. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ, ಹಾಡಿನ ಭಾಷೆ ಮಾತ್ರ ಪಕ್ಕಾ ನಮ್ಮ ಕಡೆಯ ಕನ್ನಡ. ಅಪ್ಪ ಈ ಪದಗಳನ್ನು ಹಾಡುವವರ ಬಾಯಿಂದ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. 2004ರಲ್ಲಿ ಹೈದರಾಬಾದಿನಿಂದ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದು ಕೊಟ್ಟೆ. ಐಬಿಎಂ ಥಿಂಕ್‌ಪ್ಯಾಡ್ 600ಎಕ್ಸ್. ಪೆಂಟಿಯಂ 3, 500 ಮೆಗಾಹರ್ಟ್ಸ್, 64 ಎಂಬಿ ಮೆಮೊರಿ, ವಿಂಡೋಸ್ 98. ಅರವತ್ತು ದಾಟಿದ ಮೇಲೆ ಒಂದೊಂದೇ ಬೆರಳಿನಲ್ಲಿ ಟೈಪ್ ಕಲಿತು, ಆರೇಳು ವರ್ಷ ಕೂತು ಸುಮಾರು 600 ಪದ ಅದರಲ್ಲಿ ತುಂಬಿಸಿದರು.

2009ರ ಅಕ್ಟೋಬರ್ ಮಳೆ ನಿಮಗೆಲ್ಲ ನೆನಪಿರಬೇಕು, ಅಲ್ವಾ? ಆ ಮಳೆಯಲ್ಲಿ ಊರಿನ ನಮ್ಮ ಮಾಳಿಗೆ ಮನೆ ಸೋರಿತು. ಗೂಡಿನಲ್ಲಿ ಇಟ್ಟಿದ್ದ ನೋಟ್‌ಬುಕ್ಕುಗಳು ಮಣ್ಣುನೀರಿನಲ್ಲಿ ಮುದ್ದೆಯಾದವು. ಅವತ್ತಿನಿಂದ ಆ ಪದಗಳು ಇದ್ದದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಬರೆಸಿದವರಲ್ಲಿ ಈಗ ಬಹಳ ಜನ ಇಲ್ಲ. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯಿತು.

ನೀವು ಕೇಳಬಹುದು, ಫೈಲ್ ಕಾಪಿ ಮಾಡಿ ಹೊಸ ಕಂಪ್ಯೂಟರಿಗೆ ಹಾಕಿದರೆ ಮುಗಿಯಿತಲ್ಲ, ಹಳೆ ಪೆಟ್ಟಿಗೆ ಯಾಕೆ ಬೇಕು ಅಂತ. ಕಾಪಿ ಮಾಡಿದೆ, ಅದನ್ನೇ ಮೊದಲು ಮಾಡಿದ್ದು. ವಿಂಡೋಸ್ 98ಕ್ಕೆ ಪೆನ್‌ಡ್ರೈವ್ ತನ್ನಷ್ಟಕ್ಕೆ ಗೊತ್ತಾಗುವುದಿಲ್ಲ, ಡ್ರೈವರ್ ಬೇಕು. ಅದಕ್ಕೇ ಪಕ್ಕದ ಕಾರ್ಡ್ ಸ್ಲಾಟಿಗೆ ಅಡಾಪ್ಟರ್ ಹಾಕಿ, ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೆ ಎಲ್ಲ ಇಳಿಸಿಕೊಂಡೆ. ಕಷ್ಟ ಇರುವುದು ಅದರ ಮುಂದೆ. ಅಪ್ಪ ಬಳಸಿದ್ದು ಆ ಕಾಲದ ಕನ್ನಡ ಪೇಜ್ ಸೆಟ್ಟಿಂಗ್ ತಂತ್ರಾಂಶ. ಪ್ರಿಂಟರ್ ಪೋರ್ಟಿಗೆ ಒಂದು ಡಾಂಗಲ್, ಅಂದರೆ ಬೀಗದ ಕೈ ಥರದ ಸಣ್ಣ ಸಾಧನ, ಸಿಕ್ಕಿಸಿದರೆ ಮಾತ್ರ ಅದು ತೆರೆಯುತ್ತದೆ. ಇಪ್ಪತ್ತೈದು ಪಿನ್ನಿನ ಆ ಅಗಲ ಪೋರ್ಟು ಇವತ್ತಿನ ಯಾವ ಲ್ಯಾಪ್‌ಟಾಪಿನಲ್ಲಿದೆ ಹೇಳಿ? ಅಕ್ಷರಗಳೂ ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಹಳೆ ಫಾಂಟಿನ ಕೋಡು. ಹೊಸ ಮಷೀನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಕಾಣುತ್ತದೆ.

ಹಳೆ ಕೋಡನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳಿವೆ. ಅವುಗಳಿಂದ ತುಂಬಾ ಉಪಕಾರ ಆಗಿದೆ. ಆದರೆ ಅರ್ಕಾವತ್ತಿನಲ್ಲಿ ಎಡವುತ್ತವೆ. ಹಳೆ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಅಕ್ಷರ ಕೂರುತ್ತದೆ, ಅಂದರೆ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ನಾವು ಉಚ್ಚಾರ ಮಾಡುವ ಕ್ರಮ, 'ರ್' ಮೊದಲು. ಈ ಅದಲುಬದಲು ಸರಿಯಾಗಿ ಆಗದಿದ್ದರೆ ಕರ್ನಾಟಕ ಹೋಗಿ 'ಕನಾರ್ಟಕ' ಆಗುತ್ತದೆ. ಎಷ್ಟೋ ಫಲಕಗಳಲ್ಲಿ, ಆಮಂತ್ರಣಗಳಲ್ಲಿ ನೀವೇ ನೋಡಿರುತ್ತೀರಿ. ನಮ್ಮಪ್ಪನ ಫೈಲಿನಲ್ಲಿ ಸಾಲು ಸಾಲಿಗೂ ಕರ್ಬಲಾ ಬರುತ್ತದೆ. ಎಲ್ಲವೂ 'ಕಬರ್ಲಾ' ಆಗಿದ್ದವು. ಅದೊಂದನ್ನು ಹುಡುಕಿ ತಿದ್ದಬಹುದು. ಆದರೆ ಹಳ್ಳಿ ಮಾತಿನ ಶಬ್ದ, ಉರ್ದು ಬೆರೆತ ಶಬ್ದ ಬಂದಾಗ ಮೂಲದಲ್ಲಿ ಏನಿತ್ತು ಅಂತ ನೋಡದೆ ಊಹೆ ಮೇಲೆ ತಿದ್ದಿದರೆ ಅಪ್ಪನ ಆರೇಳು ವರ್ಷದ ಕೆಲಸ ಕೆಟ್ಟುಹೋಗುತ್ತದೆ. ಹಾಗಾಗಿ ಪಕ್ಕದಲ್ಲಿ ಹಳೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಒಂದೊಂದು ಸಾಲನ್ನೂ ತಾಳೆ ನೋಡಲೇಬೇಕು.

ಆ ಲ್ಯಾಪ್‌ಟಾಪ್ ಹೇಗಿತ್ತು ಅಂದರೆ, 180 ಪುಟದ ಫೈಲ್ ತೆರೆಯಲು ಹೇಳಿ ನಾನು ಹೋಗಿ ಚಹಾ ಕುಡಿದು ಬಂದರೂ ಮರಳು ಗಡಿಯಾರ ಹಾಗೇ ನಿಂತಿರುತ್ತಿತ್ತು. ಒಂದು ಪುಟ ಕೆಳಗೆ ಸರಿಸಿದರೆ ಹಾರ್ಡ್ ಡಿಸ್ಕ್ ಕರಕರ ಅನ್ನುತ್ತಿತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಆ ಸದ್ದಿಗೆ. ಮೆಮೊರಿ ಸಾಲದೆ ಹೋದಾಗ ವಿಂಡೋಸ್ ತನ್ನ ಸಾಮಾನನ್ನೆಲ್ಲ ಡಿಸ್ಕಿನ ಮೇಲೆ ಇಳಿಸುತ್ತದೆ, ಮತ್ತೆ ಬೇಕಾದಾಗ ಏರಿಸಿಕೊಳ್ಳುತ್ತದೆ. ಇಪ್ಪತ್ತು ವರ್ಷ ದಾಟಿದ ಡಿಸ್ಕಿಗೆ ದಿನವಿಡೀ ಈ ಹಮಾಲಿ ಮಾಡಿಸಿದರೆ ಅದು ಎಷ್ಟು ದಿನ ಬದುಕುತ್ತದೆ?

ಊರಲ್ಲೇ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗ ಮುಚ್ಚಳ ಸಹ ತೆರೆಯಲಿಲ್ಲ. "ಇದನ್ನ ಗುಜರಿಗೆ ಹಾಕ್ರೀ ಸರ್, ಕೇಜಿ ಲೆಕ್ಕದಾಗ ತಗೋತಾರ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಹುಟ್ಟುವ ಮುಂಚಿನ ಮಷೀನು ಅದು. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಪರದೆ ಚೆನ್ನಾಗಿದೆ, ಕೀಬೋರ್ಡಿನ ಒಂದು ಕೀ ಸಹ ಬಿದ್ದಿಲ್ಲ, ಬೋರ್ಡ್ ಸರಿಯಿದೆ. ಕೊರತೆ ಇರುವುದು ಮೆಮೊರಿ ಒಂದರದ್ದೇ. ಅದಕ್ಕೆ ಗುಜರಿ ಯಾಕೆ?

ಅವತ್ತು ರಾತ್ರಿ ಬ್ಯಾಟರಿ ತೆಗೆದು, ಚಾರ್ಜರ್ ತೆಗೆದು, ತಳ ಮೇಲೆ ಮಾಡಿ ಇಟ್ಟು ಮೆಮೊರಿ ಮುಚ್ಚಳದ ಸ್ಕ್ರೂ ಬಿಚ್ಚಿದೆ. ಒಳಗೆ ನಮ್ಮೂರೇ ಕೂತಿತ್ತು. ಕೆಂಪು ಧೂಳು, ಅದರ ಮೇಲೆ ಹತ್ತಿಯ ಎಳೆ. ಜಿನ್ನಿಂಗ್ ಮಿಲ್ ಹತ್ತಿರ ಮನೆ ಇದ್ದವರಿಗೆ ಗೊತ್ತು, ಆ ಎಳೆ ಎಲ್ಲಿ ಬೇಕಾದರೂ ನುಗ್ಗುತ್ತದೆ. ಮೆತ್ತನೆ ಬ್ರಷ್ಷಿನಿಂದ ನಿಧಾನಕ್ಕೆ ಎಬ್ಬಿಸಿದೆ. ಕೆಳಗೆ ಎರಡು ಸ್ಲಾಟು, ಎರಡೂ ಖಾಲಿ. ಇದ್ದ 64 ಎಂಬಿ ಬೋರ್ಡಿಗೇ ಬೆಸುಗೆ ಹಾಕಿದ್ದು. ಕಂಪನಿಯವರು ಇನ್ನೂ ಎರಡು ಮೆಮೊರಿ ತುಂಡಿಗೆ ಜಾಗ ಇಟ್ಟು ಕಳಿಸಿದ್ದರು. ಇಷ್ಟು ವರ್ಷ ಆ ಜಾಗ ಯಾರೂ ಮುಟ್ಟಿರಲಿಲ್ಲ. ಒಂದೊಂದಕ್ಕೆ 256 ಎಂಬಿ ಹಾಕಿದರೆ ಒಟ್ಟು 576 ಎಂಬಿ ಆಗುತ್ತದೆ. ಆ ಮಾಡೆಲ್ಲಿನ ಮಿತಿಯೇ ಅಷ್ಟು. ಇದ್ದದ್ದಕ್ಕೆ ಒಂಬತ್ತು ಪಟ್ಟು!

ಮೆಮೊರಿ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಬಹಳ ಜನ ಮೆಮೊರಿಯನ್ನೂ ಹಾರ್ಡ್ ಡಿಸ್ಕನ್ನೂ ಒಂದೇ ಅಂದುಕೊಳ್ಳುತ್ತಾರೆ. ಡಿಸ್ಕ್ ಕಪಾಟು ಇದ್ದ ಹಾಗೆ, ಮೆಮೊರಿ ಅಂದರೆ ಕೆಲಸ ಮಾಡುವ ಮೇಜು. ಈ ಥರದ ಮೆಮೊರಿಯನ್ನು ಕಂಡುಹಿಡಿದವರು ಐಬಿಎಂನ ರಾಬರ್ಟ್ ಡೆನಾರ್ಡ್, 1960ರ ದಶಕದಲ್ಲಿ. ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರು, ಒಂದು ಸಣ್ಣ ಕೆಪಾಸಿಟರು, ಅಷ್ಟೇ. ಕೆಪಾಸಿಟರಿನಲ್ಲಿ ಕರೆಂಟ್ ತುಂಬಿದ್ದರೆ ಒಂದು, ಖಾಲಿ ಇದ್ದರೆ ಸೊನ್ನೆ. ಆದರೆ ಅದು ತೂತು ಬಿದ್ದ ಕೊಡ. ತುಂಬಿದ್ದು ಸೋರುತ್ತಲೇ ಇರುತ್ತದೆ. ಅದಕ್ಕೇ ಪ್ರತಿ 64 ಮಿಲಿಸೆಕೆಂಡಿನ ಒಳಗೆ ಎಲ್ಲ ಕೊಡಗಳನ್ನೂ ಒಮ್ಮೆ ನೋಡಿ ಮತ್ತೆ ತುಂಬಬೇಕು. ಚಿಪ್ ಬಿಸಿಯಾದಷ್ಟೂ ಸೋರುವುದು ಜಾಸ್ತಿ. ನಮ್ಮೂರಿನ ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಕೋಣೆಯಲ್ಲಿ ಇಂಥ ಮಷೀನು ನಡೆಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಮಧ್ಯಾಹ್ನ ಎರಡು ಗಂಟೆಗೆ ಕೈಕೊಡುವ ಲ್ಯಾಪ್‌ಟಾಪ್ ಬೆಳಗ್ಗೆ ಆರಕ್ಕೆ ಸರಿಯಾಗಿ ನಡೆಯುವುದನ್ನು ನಾನೇ ನೋಡಿದ್ದೇನೆ.

ಇನ್ನು ತುಂಡು ಹುಡುಕುವ ಕಥೆ. ಲ್ಯಾಪ್‌ಟಾಪ್ ಮೆಮೊರಿ ಎಲ್ಲ ನೋಡಲು ಒಂದೇ ಥರ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ನನ್ನದಕ್ಕೆ ಬೇಕಾದದ್ದು 144 ಪಿನ್ನಿನ ಎಸ್‌ಡಿರ‍್ಯಾಮ್, 3.3 ವೋಲ್ಟಿನದು. ಅದರ ನಂತರದ ತಲೆಮಾರಿನ ಮೆಮೊರಿಗಳಾದ ಡಿಡಿಆರ್ ಮತ್ತು ಡಿಡಿಆರ್2 ಎರಡಕ್ಕೂ 200 ಪಿನ್ನು, ಆದರೆ ವೋಲ್ಟೇಜು ಬೇರೆ, ನಡುವಿನ ಕಚ್ಚಿನ ಜಾಗ ಬೇರೆ. ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260. ಆ ಕಚ್ಚು ಹೊಂದದೆ ಹೋದರೆ ಬಲವಂತ ಮಾಡಬಾರದು. ಒತ್ತಿ ಕೂರಿಸಲು ಹೋಗಿ ಸ್ಲಾಟನ್ನೇ ಮುರಿದುಕೊಂಡು ನನ್ನ ಹತ್ತಿರ ಬಂದವರಿದ್ದಾರೆ.

ಮೊದಲು ಒಂದು ಅಂಗಡಿಯಿಂದ ಪಾರ್ಸೆಲ್‌ನಲ್ಲಿ 256 ಎಂಬಿ ತುಂಡೊಂದನ್ನು ತರಿಸಿದೆ. ಸ್ಟಿಕ್ಕರ್ ಮೇಲೆ ದಪ್ಪಕ್ಷರದಲ್ಲಿ 256 ಅಂತಲೇ ಇತ್ತು. ಹಾಕಿ ಆನ್ ಮಾಡಿದರೆ ಒಟ್ಟು 320 ತೋರಿಸಬೇಕಾದದ್ದು 192 ತೋರಿಸಿತು. ಅರ್ಧವೇ ಮಾಯ! ತೆಗೆದು ಮತ್ತೆ ಹಾಕಿದೆ, ಇನ್ನೊಂದು ಸ್ಲಾಟಿಗೆ ಹಾಕಿದೆ, ಅದೇ 192. ಅಂಗಡಿಗೆ ಫೋನ್ ಮಾಡಿದರೆ ನಿಮ್ಮ ಬೋರ್ಡೇ ಹೋಗಿದೆ ಅಂದರು. ಬೋರ್ಡೂ ಹೋಗಿರಲಿಲ್ಲ, ತುಂಡೂ ಕೆಟ್ಟಿರಲಿಲ್ಲ. ನಿಜವಾದ ಕಾರಣ ತಿಳಿಯಲು ನನಗೆ ಹದಿನೈದು ದಿನ ಬೇಕಾಯಿತು. ಇಂಥ ಮಷೀನಿನಲ್ಲಿ ಕೈ ಆಡಿಸುವವರಿಗೆ ಬೇಕಾಗುತ್ತದೆ ಅಂತ ಅದನ್ನು ಬಿಡಿಸಿ ಹೇಳುತ್ತೇನೆ.

ಈ ಲ್ಯಾಪ್‌ಟಾಪಿನಲ್ಲಿ ಮೆಮೊರಿ ನೋಡಿಕೊಳ್ಳುವುದು ಇಂಟೆಲ್‌ನ 440ಬಿಎಕ್ಸ್ ಅನ್ನುವ ಚಿಪ್‌ಸೆಟ್. ಅದು ಬಂದದ್ದು 1998ರಲ್ಲಿ. 256 ಎಂಬಿ ತುಂಡನ್ನು ಎರಡು ಥರ ಮಾಡಬಹುದು. ಎಂಟು ಮೆಗಾಬಿಟ್ ಸೇರಿದರೆ ಒಂದು ಎಂಬಿ. 128 ಮೆಗಾಬಿಟ್ಟಿನ ಸಣ್ಣ ಚಿಪ್ಪು ಹದಿನಾರು ಕೂಡಿಸಿದರೂ 256 ಎಂಬಿ ಆಗುತ್ತದೆ. 256 ಮೆಗಾಬಿಟ್ಟಿನ ಚಿಪ್ಪು ಎಂಟೇ ಕೂಡಿಸಿದರೂ ಅಷ್ಟೇ ಆಗುತ್ತದೆ. ಮೊದಲನೆಯದಕ್ಕೆ ಲೋ ಡೆನ್ಸಿಟಿ ಅಂತಾರೆ, ಎರಡನೆಯದಕ್ಕೆ ಹೈ ಡೆನ್ಸಿಟಿ. ಚಿಪ್ಪಿನೊಳಗೆ ಬಿಟ್ಟುಗಳು ಹೊಲದ ಸಾಲಿನ ಹಾಗೆ ಸಾಲು ಸಾಲಾಗಿ ಇರುತ್ತವೆ. ಯಾವ ಸಾಲು ಬೇಕು ಅಂತ ಹೇಳಲು ಅಡ್ರೆಸ್ ತಂತಿಗಳಿರುತ್ತವೆ. 256 ಮೆಗಾಬಿಟ್ ಚಿಪ್ಪಿಗೆ ಅಂಥ ಹದಿಮೂರು ತಂತಿ ಬೇಕು. ಬಿಎಕ್ಸ್ ಹತ್ತಿರ ಇರುವುದು ಹನ್ನೆರಡೇ. ಒಂದು ತಂತಿ ಕಡಿಮೆಯಾದರೆ ಅರ್ಧ ಹೊಲಕ್ಕೆ ದಾರಿಯೇ ಇಲ್ಲ. ಅಲ್ಲಿರುವ 128 ಎಂಬಿ ಹಾಗೇ ಬೀಳು ಬಿದ್ದಿರುತ್ತದೆ. ಹಾಗಾಗಿ ಸ್ಟಿಕ್ಕರ್ ನೋಡಿ ಕೊಳ್ಳಬೇಡಿ, ಚಿಪ್ಪು ಎಣಿಸಿ ಕೊಳ್ಳಿ. ಒಂದು ಮಗ್ಗುಲಿಗೆ ಎಂಟು, ಇನ್ನೊಂದು ಮಗ್ಗುಲಿಗೆ ಎಂಟು ಇರಬೇಕು.

ಇದು ಗೊತ್ತಾದ ಮೇಲೆ ಬೆಳಗಿನ ಬಸ್ ಹಿಡಿದು ಮೆಹಬೂಬ್‌ನಗರದ ಮೇಲೆ ಹೈದರಾಬಾದಿಗೆ ಹೋದೆ. ರಾಯಚೂರಿನವರಿಗೆ ಕಂಪ್ಯೂಟರ್ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ಸಿಕಂದರಾಬಾದಿನ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರೇ ಹತ್ತಿರ. ಏಳೆಂಟು ಅಂಗಡಿ ತಿರುಗಿದೆ. ಕೊನೆಗೆ ಆ ಪಾರ್ಕ್ ಲೇನ್ ಗಲ್ಲಿಯಲ್ಲಿ ಒಬ್ಬ ಹಿರಿಯರು ಬಿಸ್ಕತ್ ಡಬ್ಬಿಯೊಂದನ್ನು ಕೌಂಟರ್ ಮೇಲೆ ಇಟ್ಟು "ನೀವೇ ಹುಡುಕಿಕೊಳ್ಳಿ" ಅಂದರು. ಡಬ್ಬಿ ತುಂಬ ಹಳೆ ಮೆಮೊರಿ ತುಂಡು. ನೆಲದ ಮೇಲೆ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದು ಎಣಿಸಿದೆ. ನಾಲ್ಕು ಚಿಪ್ಪು, ಎಂಟು ಚಿಪ್ಪು, ಮತ್ತೆ ಎಂಟು. ಅರ್ಧ ಗಂಟೆ ಆದ ಮೇಲೆ ಹದಿನಾರರದ್ದು ಒಂದು ಸಿಕ್ಕಿತು. ಡಬ್ಬಿಯ ತಳದಲ್ಲಿ ಇನ್ನೊಂದು. ಒಂದು ಪಿಸಿ100, ಇನ್ನೊಂದು ಪಿಸಿ133. ಆ ಅಂಕಿ ಮೆಮೊರಿಯ ವೇಗ. 133ರದ್ದು 100ರ ವೇಗದಲ್ಲೂ ನಡೆಯುತ್ತದೆ, ತೊಂದರೆಯಿಲ್ಲ. ಎರಡೂ ಸೇರಿ 700 ರೂಪಾಯಿ ಕೊಟ್ಟೆ. ಆ ಹಿರಿಯರು ಅವನ್ನು ಬಿಸಾಡದೆ ಇಟ್ಟಿದ್ದರಲ್ಲ, ಅದಕ್ಕೆ ನಾನು ಎಷ್ಟು ಕೃತಜ್ಞ ಅಂತ ಹೇಳಲು ಬರುವುದಿಲ್ಲ.

ಮನೆಗೆ ಬಂದು ಮೊದಲು ನಲ್ಲಿ ಮುಟ್ಟಿದೆ. ಇದು ಮೂಢನಂಬಿಕೆ ಅಲ್ಲ. ನಮ್ಮ ಒಣ ಹವೆಯಲ್ಲಿ ಮೈಮೇಲೆ ಸ್ಥಿರ ವಿದ್ಯುತ್ ಕೂಡಿರುತ್ತದೆ, ಪಾಲಿಸ್ಟರ್ ಶರ್ಟ್ ತೆಗೆಯುವಾಗ ಚಟಚಟ ಅನ್ನುತ್ತದಲ್ಲ, ಅದೇ. ನಮಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಸಾಯಿಸಬಲ್ಲದು. ನೆಲಕ್ಕೆ ಇಳಿದ ಕಬ್ಬಿಣದ ನಲ್ಲಿ ಮುಟ್ಟಿದರೆ ಅದು ಇಳಿದುಹೋಗುತ್ತದೆ. ತುಂಡಿನ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದೆ, ಬಟ್ಟೆ ಮೇಲೆ ಕಪ್ಪು ಗೆರೆ ಬಂತು. ಓರೆಯಾಗಿ ಹಿಡಿದು, ಚಿನ್ನದ ಅಂಚು ಪೂರ್ತಿ ಒಳಗೆ ಹೋಗುವ ತನಕ ತಳ್ಳಿ, ಆಮೇಲೆ ಕೆಳಗೆ ಒತ್ತಿದೆ. ಎರಡೂ ಕಡೆಯ ಕೊಕ್ಕೆ ಟಕ್ ಅಂತ ಹಿಡಿದುಕೊಂಡವು. ಆ ಟಕ್ ಕೇಳಿಸದಿದ್ದರೆ ಕೂತಿಲ್ಲ ಅಂತಲೇ ಅರ್ಥ.

ಆನ್ ಮಾಡಿದೆ. ಕಪ್ಪು ಪರದೆಯ ಮೇಲೆ ಮೆಮೊರಿಯ ಲೆಕ್ಕ ಏರತೊಡಗಿತು. 64 ದಾಟಿತು. 192 ದಾಟಿತು, ಹಿಂದಿನ ಸಲ ನಿಂತದ್ದು ಅಲ್ಲೇ. 320 ದಾಟಿತು. ನಿಲ್ಲದೆ ಏರಿ 576ಕ್ಕೆ ಹೋಗಿ ನಿಂತಿತು. ನಮ್ಮವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನಾತೋ?" ಅಂದಳು. "ಅಪ್ಪಂದು ಎದ್ದದವ್ವ" ಅಂದೆ.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಡಾಸ್ ಕಿಟಕಿ, ಅಂದರೆ ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ, ತೆರೆದರೆ ಮೆಮೊರಿ ಸಾಲದು ಅನ್ನುವ ಸಂದೇಶ ಬಂತು. ಒಂಬತ್ತು ಪಟ್ಟು ಮಾಡಿದ ಮೇಲೆ ಸಾಲದು ಅಂದರೆ ಏನು ಹೇಳೋಣ! ಇದು ವಿಂಡೋಸ್ 98ರ ಹಳೆ ಕಾಯಿಲೆ. 512 ಎಂಬಿಗಿಂತ ಜಾಸ್ತಿ ಇದ್ದರೆ ಅದರ ಫೈಲ್ ಕ್ಯಾಶ್, ಅಂದರೆ ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ, ಹಿಗ್ಗಿ ಹಿಗ್ಗಿ, ಬೇರೆಯವರಿಗೆ ಬೇಕಾದ ವಿಳಾಸದ ಜಾಗವನ್ನೆಲ್ಲ ತಾನೇ ಹಿಡಿದುಬಿಡುತ್ತದೆ. ಮದ್ದು ಸುಲಭ. ಸಿಸ್ಟಂ ಡಾಟ್ ಐಎನ್‌ಐ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ವಿಕ್ಯಾಶ್ ಅನ್ನುವ ತಲೆಬರಹದ ಕೆಳಗೆ ಮ್ಯಾಕ್ಸ್‌ಫೈಲ್‌ಕ್ಯಾಶ್ ಅಂತ ಒಂದು ಸಾಲು ಬರೆದು 262144 ಅಂತ ಕೊಟ್ಟೆ. ಅಂದರೆ ಕ್ಯಾಶ್ 256 ಎಂಬಿ ದಾಟಬಾರದು ಅಂತ. ಮತ್ತೆ ಆ ಸಂದೇಶ ಬಂದಿಲ್ಲ. ಮೆಮ್‌ಟೆಸ್ಟ್ ಅನ್ನುವ ಪುಕ್ಕಟೆ ತಂತ್ರಾಂಶವನ್ನು ಫ್ಲಾಪಿಗೆ ಹಾಕಿ ಒಂದು ರಾತ್ರಿ ಪೂರ್ತಿ ಓಡಿಸಿದೆ. ಬೆಳಗ್ಗೆ ನೋಡಿದರೆ ಒಂದೂ ತಪ್ಪಿಲ್ಲ. ಸೆಕೆಂಡ್ ಹ್ಯಾಂಡ್ ತುಂಡು ಕೊಂಡವರು ಈ ಪರೀಕ್ಷೆಯನ್ನು ತಪ್ಪಿಸಬಾರದು, ಕೆಟ್ಟ ಮೆಮೊರಿ ಸದ್ದಿಲ್ಲದೆ ನಿಮ್ಮ ಫೈಲನ್ನೇ ಹಾಳು ಮಾಡುತ್ತದೆ.

ಈಗ 180 ಪುಟದ ಫೈಲ್ ಅರ್ಧ ನಿಮಿಷದೊಳಗೆ ತೆರೆಯುತ್ತದೆ. ಪುಟ ಸರಿಸಿದರೆ ಡಿಸ್ಕಿನ ಸದ್ದೇ ಇಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಇಟ್ಟುಕೊಂಡು ಕೂರುತ್ತೇನೆ. ಅವ್ವ ಪಕ್ಕದಲ್ಲಿ ಕೂತಿರುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ, ಆದರೆ ಈ ಪದಗಳು ಕಿವಿಯಲ್ಲಿವೆ. ನಾನು ಸಾಲು ಓದಿದಾಗ ಎಲ್ಲಾದರೂ ಎಡವಿದರೆ "ಹಂಗಲ್ಲ" ಅಂತಾಳೆ. ನೋಡಿದರೆ ಅಲ್ಲೊಂದು ಅರ್ಕಾವತ್ತು ಜಾಗ ಬಿಟ್ಟಿರುತ್ತದೆ. ಇದುವರೆಗೆ 212 ಪದ ಯೂನಿಕೋಡಿಗೆ ಬಂದಿವೆ.

ಈಗ ಸಂಪಾದಕರೇ, ಈ ಪತ್ರ ಬರೆಯಲು ಕಾರಣವಾದ ಮಾತಿಗೆ ಬರುತ್ತೇನೆ.

ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ, ಅಂದರೆ ಪುಕ್ಕಟೆ ಸುರಕ್ಷತೆಯ ಅಪ್‌ಡೇಟು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅವತ್ತಿನಿಂದ ಎಷ್ಟೋ ಮನೆ, ಆಫೀಸುಗಳಲ್ಲಿ ಒಳ್ಳೊಳ್ಳೆ ಲ್ಯಾಪ್‌ಟಾಪ್‌ಗಳು ಮೂಲೆ ಸೇರುತ್ತಿವೆ. 2012, 2015, 2016ರವು. ಇವು ನಮ್ಮಪ್ಪನದರ ಹಾಗೆ ತೀರ ಹಳೆಯವೂ ಅಲ್ಲ. ಬಹಳಷ್ಟಕ್ಕೆ ತಳದಲ್ಲಿ ಮೆಮೊರಿ ಸ್ಲಾಟ್ ಇದೆ. 4 ಜಿಬಿ ಇದ್ದದ್ದನ್ನು 8 ಜಿಬಿ ಮಾಡಿ, ತಿರುಗುವ ಡಿಸ್ಕಿನ ಬದಲು ಚಿಪ್ಪಿನಿಂದ ಮಾಡಿದ ಎಸ್ಎಸ್‌ಡಿ ಹಾಕಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೆ ಒಂದು ಹುಡುಗಿಯ ಡಿಗ್ರಿ ಮುಗಿಯುವ ತನಕ ಧಾರಾಳವಾಗಿ ನಡೆಯುತ್ತದೆ. ನಾನೇ ಹೀಗೆ ಹನ್ನೊಂದು ಲ್ಯಾಪ್‌ಟಾಪ್ ಮಾಡಿಕೊಟ್ಟಿದ್ದೇನೆ. ಒಂದೇ ಎಚ್ಚರ, ಡಿಡಿಆರ್3ರಲ್ಲಿ 1.5 ವೋಲ್ಟಿನದು ಒಂದು, 1.35 ವೋಲ್ಟಿನದು ಇನ್ನೊಂದು ಇದೆ. 2013ರ ಈಚೆಗಿನ ಅನೇಕ ಮಾಡೆಲ್ಲಿಗೆ 1.35ರದ್ದೇ ಬೇಕು. ಕೊಳ್ಳುವ ಮುಂಚೆ ಹಳೆ ತುಂಡನ್ನು ತೆಗೆದುಕೊಂಡು ಹೋಗಿ ತೋರಿಸಿ.

2025ರ ಕೊನೆಯಿಂದ ಮೆಮೊರಿ ಬೆಲೆ ಏರಿರುವುದು ಅಂಗಡಿಯವರಿಗೆಲ್ಲ ಗೊತ್ತು. ಎಐಗಾಗಿ ಕಟ್ಟುತ್ತಿರುವ ದೊಡ್ಡ ಡೇಟಾ ಸೆಂಟರ್‌ಗಳೇ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ. ಇಂಥ ಹೊತ್ತಿನಲ್ಲಿ ಸರಿಯಾಗಿರುವ ತುಂಡುಗಳನ್ನು ಬೋರ್ಡಿನ ಜೊತೆ ತೂಕಕ್ಕೆ ಹಾಕುವುದು ಯಾವ ಲೆಕ್ಕ? ಗುಜರಿಗೆ ಹೋದ ಬೋರ್ಡುಗಳಿಗೆ ಏನಾಗುತ್ತದೆ ಅಂತ ಊರ ಹೊರಗೆ ಹೋಗಿ ನೋಡಿ. ತಾಮ್ರಕ್ಕಾಗಿ ತಂತಿ ಸುಡುತ್ತಾರೆ. 2006ಕ್ಕಿಂತ ಹಿಂದಿನ ಬೋರ್ಡುಗಳ ಬೆಸುಗೆಯಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಆ ಹೊಗೆ ಕುಡಿಯುವವರು ಆಯುವ ಕೆಲಸದ ಹೆಂಗಸರು, ಮಕ್ಕಳು. 2023ರ ಏಪ್ರಿಲ್ 1ರಿಂದ ಇ-ತ್ಯಾಜ್ಯದ ಹೊಸ ನಿಯಮ ಜಾರಿಯಲ್ಲಿದೆ, ಮರುಬಳಕೆಯ ಹೊಣೆ ತಯಾರಕರದ್ದು ಅಂತ ಹೇಳುತ್ತದೆ. ಒಳ್ಳೆಯದೇ. ನಿಜವಾಗಿಯೂ ಸತ್ತದ್ದು ನೋಂದಾಯಿತ ಮರುಬಳಕೆದಾರರ ಕೈಗೇ ಹೋಗಲಿ. ಆದರೆ ಬದುಕಿದ್ದನ್ನು ಸತ್ತದ್ದರ ಜೊತೆ ಕಳಿಸಬೇಡಿ.

ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಕುದಿಯುತ್ತಿದೆ. ಈಗ ಬರುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ಮೆಮೊರಿ ಸ್ಲಾಟೇ ಇಲ್ಲ, ಬೋರ್ಡಿಗೇ ಬೆಸುಗೆ. 2008ರ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲೇ ಹೀಗಿತ್ತು, ಆಮೇಲೆ ಬಹಳ ಕಂಪನಿಗಳು ಅದೇ ದಾರಿ ಹಿಡಿದವು. ತೆಳ್ಳಗಾಗುತ್ತದೆ, ಬ್ಯಾಟರಿ ಉಳಿಯುತ್ತದೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಸಿಂಧನೂರಿನ ಕಡೆಯ ಒಬ್ಬ ರೈತ ಭತ್ತ ಮಾರಿದ ದುಡ್ಡಿನಲ್ಲಿ ಮಗನಿಗೆ ಕೊಡಿಸಿದ 8 ಜಿಬಿಯ ಲ್ಯಾಪ್‌ಟಾಪು ನಾಲ್ಕು ವರ್ಷದಲ್ಲಿ ಸಾಲದಾದಾಗ ಅವನು ಏನು ಮಾಡಬೇಕು? ಕೊಳ್ಳುವ ದಿನ ಅವನಿಗೆ ಯಾರೂ ಹೇಳಿರುವುದಿಲ್ಲ. ನನ್ನ ಬೇಡಿಕೆ ಸಣ್ಣದು. ಪೆಟ್ಟಿಗೆಯ ಮೇಲೆ, ಎಷ್ಟು ಜಿಬಿ ಅಂತ ಬರೆದ ಜಾಗದ ಪಕ್ಕದಲ್ಲೇ, ಮೆಮೊರಿ ಮುಂದೆ ಹೆಚ್ಚಿಸಬಹುದೋ ಇಲ್ಲವೋ ಅಂತ ಕನ್ನಡದಲ್ಲಿ ಒಂದು ಸಾಲು ಇರಲಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ಶುರು ಮಾಡಿದೆ. ಆ ಹಕ್ಕು ಕೊಳ್ಳುವ ದಿನದಿಂದಲೇ ಶುರುವಾಗಬೇಕು. ಅಲ್ಲಿಯ ತನಕ ಓದುಗರೇ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ, "ಸ್ಲಾಟ್ ಐತೇನ್ರೀ?" ಅಂತ. ಹತ್ತು ಜನ ಕೇಳಿದರೆ ಅಂಗಡಿಯವರು ಮೇಲಿನವರಿಗೆ ಹೇಳುತ್ತಾರೆ.

ರಿಪೇರಿ ಅಂಗಡಿಯ ಗೆಳೆಯರಲ್ಲೂ ಒಂದು ವಿನಂತಿ. ಬಿಚ್ಚಿದ ಲ್ಯಾಪ್‌ಟಾಪಿನ ಮೆಮೊರಿ ತುಂಡನ್ನು ಬಿಸಾಡಬೇಡಿ. ಒಂದು ಡಬ್ಬಿ ಇಡಿ. ರಾಯಚೂರಿನಲ್ಲೇ ಅಂಥ ಡಬ್ಬಿ ಇದ್ದಿದ್ದರೆ ನಾನು ಸಿಕಂದರಾಬಾದ್ ತನಕ ಹೋಗಬೇಕಾಗಿರಲಿಲ್ಲ. ಹಾಗೆಯೇ, ಶಾಲೆ ಮಾಸ್ತರರು, ಊರ ಹಾಡುಗಾರರು, ಹಳೆ ಪತ್ರಿಕೆ ನಡೆಸಿದವರು ಇವರ ಮನೆಗಳಲ್ಲಿ ಹಳೆ ಕಂಪ್ಯೂಟರ್ ಇದ್ದರೆ ದಯವಿಟ್ಟು ಒಳಗೆ ಏನಿದೆ ಅಂತ ನೋಡದೆ ಕೊಡಬೇಡಿ. ಕನ್ನಡದಲ್ಲಿ ಯೂನಿಕೋಡ್ ಮನೆಮಾತಾಗುವ ಮುಂಚೆ ಟೈಪ್ ಮಾಡಿದ್ದೆಲ್ಲ ಇನ್ನೂ ಇಂಥ ಪೆಟ್ಟಿಗೆಗಳಲ್ಲೇ ಕೂತಿದೆ.

ನನ್ನ ಅಂಗಡಿಯಲ್ಲೂ ಈಗ ಒಂದು ಡಬ್ಬಿ ಇದೆ. ಅದರಲ್ಲಿ ಎರಡು ಡಿಡಿಆರ್2, ಐದು ಡಿಡಿಆರ್3, ಮತ್ತೆ ಅರ್ಧವೇ ತೋರಿಸಿದ ಆ 256 ಎಂಬಿಯ ತುಂಡು ಇದೆ. ಅದು ಬಿಎಕ್ಸ್ ಮಷೀನಿಗೆ ಅರ್ಧವೇ ಹೊರತು, 2001ರ ಥಿಂಕ್‌ಪ್ಯಾಡ್ ಟಿ23ರಂಥದರಲ್ಲಿ ಪೂರ್ತಿ 256 ತೋರಿಸುತ್ತದೆ. ಯಾರ ಮನೆಯಲ್ಲಾದರೂ ಅಂಥದೊಂದು ಇದ್ದರೆ ಲ್ಯಾಪ್‌ಟಾಪ್ ಜೊತೆಗೇ ತನ್ನಿ, ಕೂರಿಸಿ ಕೊಡುತ್ತೇನೆ. ದುಡ್ಡು ಬೇಡ.

ಇಂತಿ,
ಡಿ.ಟಿ.ಪಿ. ಅಂಗಡಿಯವನು, ರಾಯಚೂರು